ಅಪ್ಪ ಬೆಚ್ಚಗಿಟ್ಟ ಹುಳಗಳು

ಡಿಗ್ರಿ ಮುಗಿಸಿ ಮನೆಯಲ್ಲಿ ಕೂತಿದ್ದ ವರ್ಷ ನನಗೆ ಸಿಕ್ಕಿದ ಮೊದಲ ಕೆಲಸ ಹುಳ ಹುಡುಕುವುದು. ಕಾಫಿ ಗಿಡದ ಕಾಂಡದೊಳಗೆ ಕೂತು ಗಿಡವನ್ನೇ ಕೊಲ್ಲುವ ಕಾಂಡಕೊರಕ ಹುಳ ನಮ್ಮ ಬೆಟ್ಟಗಳ ಚಳಿಗಾಲವನ್ನು ಹೇಗೆ ಕಳೆಯುತ್ತದೆ ಎಂದು ನೋಡಲು ಒಬ್ಬ ಮೇಡಂ ನಮ್ಮ ಕಡೆ ಬಂದಿದ್ದರು. ಕೀಟಗಳ ವಿಷಯವನ್ನೇ ಓದಿ, ಅದರಲ್ಲೇ ತಲೆ ನರೆಸಿಕೊಂಡವರು. ಅವರಿಗೆ ಒಂದು ಚಳಿಗಾಲದ ಮಟ್ಟಿಗೆ ತೋಟ ಸುತ್ತುವ ಸಹಾಯಕಿ ಬೇಕಾಗಿತ್ತು. ಪ್ರಾಣಿಶಾಸ್ತ್ರ ಓದಿರಬೇಕು, ಹುಳ ಮುಟ್ಟಲು ಹೇಸಬಾರದು, ಬೆಳಗಿನ ಮೊದಲ ಬಸ್ಸು ತಪ್ಪಿಸಬಾರದು ಎಂದರು. ನಾನು ಎಲ್ಲಕ್ಕೂ ಹೂಂ ಅಂದೆ.

ಈ ಸುದ್ದಿಯನ್ನು ಅವ್ವನಿಗೆ ಹೇಳುವುದು ಸುಲಭವಿತ್ತು. ಅಪ್ಪನಿಗೆ ಹೇಗೆ ಹೇಳುವುದೆಂದು ತೋಚದೆ ಒಂದು ದಿನ ಪೂರ್ತಿ ಸುಮ್ಮನಿದ್ದೆ.

ಅಪ್ಪನದು ಬಾಳ್ಳುಪೇಟೆಯಲ್ಲಿ ಹೆದ್ದಾರಿ ಪಕ್ಕದ ಪಂಚರ್ ಅಂಗಡಿ. ಮುಂದೆ ಅಂಗಡಿ, ಹಿಂದೆ ಮನೆ. ಶಿರಾಡಿ ಘಾಟಿ ಹತ್ತಿ ಬಂದ ಲಾರಿಗಳು, ತೋಟದ ಜೀಪುಗಳು, ಟ್ರ್ಯಾಕ್ಟರುಗಳು, ಎಲ್ಲವೂ ಅಪ್ಪನ ಅಂಗಡಿಯ ಮುಂದೆ ಒಂದಲ್ಲ ಒಂದು ದಿನ ಜ್ಯಾಕಿನ ಮೇಲೆ ನಿಲ್ಲುತ್ತಿದ್ದವು. ಆದರೆ ಅಪ್ಪ ಹುಟ್ಟಾ ಟೈರಿನವರಲ್ಲ. ಹಾನುಬಾಳು ಕಡೆ, ಅಣ್ಣತಮ್ಮಂದಿರು ಪಾಲಾದಾಗ ಬಂದ ಸಣ್ಣ ಅರೇಬಿಕಾ ಕಾಫಿ ತೋಟವೊಂದು ಅವರಿಗಿತ್ತು. ನಾನು ಪ್ರೈಮರಿ ಶಾಲೆಗೆ ಹೋಗುವಾಗ ಆ ತೋಟಕ್ಕೆ ಕಾಂಡಕೊರಕ ಬಿತ್ತು. ಮೊದಲು ಅಲ್ಲೊಂದು ಇಲ್ಲೊಂದು ಗಿಡದ ಎಲೆಗಳು ಹಳದಿಯಾಗಿ ಜೋತವು. ಅಪ್ಪ ಗೊಬ್ಬರ ಸಾಲದು ಅಂದುಕೊಂಡರು. ಆಮೇಲೊಂದು ದಿನ ಕಾಯಿ ತುಂಬಿದ ಗಿಡವನ್ನು ಬಗ್ಗಿಸಲು ಹೋದರೆ ಅದು ಬುಡದ ಹತ್ತಿರ ಲಟಕ್ಕನೆ ಮುರಿದು ಕೈಗೆ ಬಂತು. ಅಪ್ಪ ಕತ್ತಿಯಿಂದ ಕಾಂಡ ಸೀಳಿದರು. ಒಳಗೆ ಮರದ ಹುಡಿ ಗಟ್ಟಿಯಾಗಿ ತುಂಬಿದ್ದ ಸುರಂಗ, ಸುರಂಗದ ಕೊನೆಯಲ್ಲಿ ಹಳದಿ ಬಿಳುಪಿನ, ತಲೆ ಕಡೆ ದಪ್ಪಗಿದ್ದು ಬಾಲದ ಕಡೆ ಸಣ್ಣಗಾಗುವ ಒಂದು ಹುಳ. ನಾನು ಪಕ್ಕದಲ್ಲೇ ನಿಂತು ನೋಡಿದ್ದೆ. ಅಷ್ಟು ಮೆತ್ತಗಿನ ಹುಳ ಅಷ್ಟು ಗಟ್ಟಿ ಮರವನ್ನು ತಿಂದದ್ದು ಹೇಗೆ ಎಂದು ಕೇಳಿದ್ದೆ.

ಎರಡು ವರ್ಷದೊಳಗೆ ತೋಟದ ಹೆಚ್ಚಿನ ಗಿಡಗಳಿಗೆ ಹುಳ ಹಿಡಿಯಿತು. ಅಪ್ಪ ಒಂದೊಂದನ್ನೇ ಕಿತ್ತರು. ಕಾಫಿ ಗಿಡದ ಸೌದೆ ಚೆನ್ನಾಗಿ ಉರಿಯುತ್ತದೆ, ಬಚ್ಚಲ ಒಲೆಗೆ ಒಂದು ಮಳೆಗಾಲಕ್ಕೆ ಸಾಕಾಗುತ್ತದೆ, ಒಟ್ಟಿ ಇಡೋಣ ಎಂದು ಅವ್ವ ಕೇಳಿಕೊಂಡರೂ ಕೇಳಲಿಲ್ಲ. ಕಣದ ಪಕ್ಕ ರಾಶಿ ಹಾಕಿ ಎಲ್ಲವನ್ನೂ ಸುಟ್ಟರು. ಒಳ್ಳೆ ಸೌದೆಯನ್ನು ಹಾಗೆ ಸುಡುವವನಿಗೆ ತಲೆ ಕೆಟ್ಟಿದೆ ಎಂದು ಊರವರು ಆಡಿಕೊಂಡದ್ದು ನಮ್ಮ ಕಿವಿಗೂ ಬಿತ್ತು. ಆ ನೆಲವನ್ನು ದೊಡ್ಡಪ್ಪನಿಗೆ ಬಿಟ್ಟುಕೊಟ್ಟು, ಪರಿಚಯದವರೊಬ್ಬರ ಹತ್ತಿರ ಟೈರಿನ ಕೆಲಸ ಕಲಿತು, ನಮ್ಮನ್ನು ಕರೆದುಕೊಂಡು ಅಪ್ಪ ಬಾಳ್ಳುಪೇಟೆಗೆ ಬಂದರು. ಅದಾದ ಮೇಲೆ ಅವರು ಆ ಹುಳದ ಹೆಸರನ್ನೇ ಬಾಯಲ್ಲಿ ಎತ್ತಲಿಲ್ಲ. ಹೇಳಲೇಬೇಕಾಗಿ ಬಂದರೆ 'ಅದು' ಎನ್ನುತ್ತಿದ್ದರು. ಯಾರದ್ದಾದರೂ ತೋಟದ ಮಾತು ಬಂದರೆ, "ಅದು ಬಿತ್ತಾ ಅವ್ರಿಗೂ?" ಎಂದಷ್ಟೇ ಕೇಳುತ್ತಿದ್ದರು.

ಕೊನೆಗೆ ಊಟಕ್ಕೆ ಕೂತಾಗ ಹೇಳಿದೆ. ಅಪ್ಪ ಮುದ್ದೆ ಮುರಿಯುತ್ತಿದ್ದ ಕೈ ನಿಲ್ಲಿಸಿದರು.

"ಅದನ್ನ ಸಾಕೋ ಕೆಲ್ಸನಾ ಮಗಾ?" ಎಂದರು.

ಸಾಕುವುದಲ್ಲ, ಅದು ಚಳಿಯಲ್ಲಿ ಏನು ಮಾಡುತ್ತದೆಂದು ತಿಳಿದುಕೊಳ್ಳುವುದು ಎಂದು ವಿವರಿಸಿದೆ. ಅದು ತಿಳಿದರೆ ಯಾವಾಗ ಹುಡುಕಿ ತೆಗೆಯಬೇಕು ಎನ್ನುವುದೂ ತಿಳಿಯುತ್ತದೆ ಎಂದೆ. ಮಾರನೇ ದಿನ ಅಪ್ಪ ಪೇಟೆಯಿಂದ ಬರುವಾಗ ನನಗೆ ಒಂದು ಜೊತೆ ಉಣ್ಣೆಯ ಕೈಗವಸು, ಒಂದು ಮಂಕಿ ಟೋಪಿ ತಂದರು. ಟೋಪಿ ಗಂಡಸರದ್ದು. ಅಂಗಡಿಯಲ್ಲಿ ಹೆಂಗಸರದ್ದು ಯಾವುದು ಎಂದು ಕೇಳಲು ಅವರಿಗೆ ನಾಚಿಕೆಯಾಗಿರಬೇಕು. ಆ ಚಳಿಗಾಲ ಪೂರ್ತಿ ನಾನು ಅದನ್ನೇ ಹಾಕಿಕೊಂಡೆ.

ನಾವು ನೋಡುತ್ತಿದ್ದ ತೋಟ ಆಲೂರು ಕಡೆಯ ಒಂದು ಬೆಟ್ಟದ ಇಳಿಜಾರಿನಲ್ಲಿತ್ತು. ಬೆಳಿಗ್ಗೆ ಬಸ್ಸಿಳಿದು ಮಣ್ಣಿನ ದಾರಿಯಲ್ಲಿ ನಡೆದು ಹೋಗುವಷ್ಟರಲ್ಲಿ ಮೂಗಿನ ತುದಿ ಇದೆಯೋ ಇಲ್ಲವೋ ಗೊತ್ತಾಗುತ್ತಿರಲಿಲ್ಲ. ನೆರಳಿನ ಮರಗಳಿಂದ ಇಬ್ಬನಿ ಮಳೆಯ ಹಾಗೆ ತೊಟ್ಟಿಕ್ಕುತ್ತಿತ್ತು. ತೋಟದ ಯಜಮಾನರು ವಯಸ್ಸಾದವರು, ಸೊಂಟಕ್ಕೆ ಕತ್ತಿ ಸಿಕ್ಕಿಸಿಕೊಂಡು ದಿನಾ ನಮಗಿಂತ ಮೊದಲೇ ಗೇಟಿನ ಹತ್ತಿರ ನಿಂತಿರುತ್ತಿದ್ದರು. ಮೊದಲ ವಾರವೇ ಅವರು ಮೇಡಂಗೆ ಸಮಾಧಾನ ಹೇಳಿದ್ದರು. ಈ ಸಲ ಚಳಿ ಜೋರಾಗಿದೆ, ಹುಳವೆಲ್ಲ ಒಳಗೇ ಸೆಟೆದು ಸಾಯುತ್ತವೆ, ನೀವು ಹುಡುಕಿ ಸುಸ್ತಾಗಬೇಡಿ ಎಂದು. ನಮ್ಮ ಕಡೆ ಎಲ್ಲರೂ ನಂಬಿದ್ದ ಮಾತೇ ಅದು. ಚಳಿ ಹೆಚ್ಚಿದ ವರ್ಷ ರೋಗ ಕಮ್ಮಿ, ಹುಳ ಕಮ್ಮಿ ಎಂದು ನಾನೂ ಚಿಕ್ಕಂದಿನಿಂದ ಕೇಳಿದ್ದೆ.

ನನ್ನ ಕೆಲಸ ಸರಳವಾಗಿತ್ತು. ಹುಳ ಬಿದ್ದ ಗಿಡದ ಕಾಂಡದಲ್ಲಿ ತೊಗಟೆ ಅಲ್ಲಲ್ಲಿ ನರದ ಹಾಗೆ ಉಬ್ಬಿರುತ್ತದೆ. ಕೈಯಾಡಿಸಿದರೆ ಅಂಗೈಗೆ ಗೊತ್ತಾಗುತ್ತದೆ. ಅಂಥ ಕಾಂಡಕ್ಕೆ ಸಣ್ಣ ತೂತು ಮಾಡಿ, ಸೂಜಿಯಂಥ ಥರ್ಮಾಮೀಟರನ್ನು ಒಳಗಿಟ್ಟು, ಹೊರಗಿನ ಗಾಳಿ ಎಷ್ಟು ತಂಪಿದೆ, ಮರದೊಳಗೆ ಎಷ್ಟಿದೆ ಎಂದು ಬರೆದುಕೊಳ್ಳುತ್ತಿದ್ದೆ. ಬೆಳಗಿನ ಜಾವದ ಚಳಿ ಹೊರಗೆ ಮೈ ಕೊರೆಯುವಾಗಲೂ ಕಾಂಡದೊಳಗೆ ಅಷ್ಟಿರುತ್ತಿರಲಿಲ್ಲ. ತೊಗಟೆ, ಮರ, ಜೊತೆಗೆ ಹುಳವೇ ತನ್ನ ಹಿಂದೆ ಒತ್ತಿ ತುಂಬಿಕೊಂಡು ಹೋಗುವ ಹುಡಿ, ಇಷ್ಟೂ ಸೇರಿ ಅದಕ್ಕೆ ಕಂಬಳಿಯಾಗಿತ್ತು. ಆಮೇಲೆ ಮೇಡಂ ಕೆಲವು ಕಾಂಡಗಳನ್ನು ಕತ್ತರಿಸಿ ಸೀಳುತ್ತಿದ್ದರು. ಒಳಗಿನ ಹುಳ ತಣ್ಣಗೆ, ಅಲುಗಾಡದೆ ಬಿದ್ದಿರುತ್ತಿತ್ತು. ಮೊದಲ ದಿನ ನಾನು ಸತ್ತಿದೆ ಎಂದೆ. ಮೇಡಂ ಅದನ್ನು ನನ್ನ ಅಂಗೈಗೆ ಹಾಕಿ, ಮುಚ್ಚಿಕೊಂಡಿರು ಅಂದರು. ನಾವು ಯಜಮಾನರ ಮನೆಯ ಜಗಲಿಗೆ ಬಂದು ಕಾಫಿ ಕುಡಿಯುವಷ್ಟರಲ್ಲಿ ಅಂಗೈಯಲ್ಲಿ ಏನೋ ಕಚಗುಳಿಯಾಯಿತು. ಕೈ ಬಿಚ್ಚಿದರೆ ಹುಳ ಮೆಲ್ಲಗೆ ಮೈ ಮುರಿಯುತ್ತಿತ್ತು. ಯಜಮಾನರು ತಮ್ಮ ಲೋಟ ಕೆಳಗಿಟ್ಟು, ಹತ್ತಿರ ಬಂದು ಬಗ್ಗಿ ನೋಡಿದರು.

"ಬದುಕೈತಲ್ಲ ಕಣವ್ವ," ಎಂದರು. ಬೇಸರಕ್ಕಿಂತ ಹೆಚ್ಚಾಗಿ ಅವರಿಗೆ ಆಶ್ಚರ್ಯವಾಗಿತ್ತು.

ಹಿಮ ಬೀಳುವ ದೇಶಗಳಲ್ಲಿ ಕೆಲವು ಹುಳಗಳು ಚಳಿ ಬರುವ ಮೊದಲೇ ಮೈಯೊಳಗೆ ಸಕ್ಕರೆಯಂಥ ಒಂದು ಅಂಶ ಮಾಡಿಕೊಳ್ಳುತ್ತವಂತೆ. ಅದರಿಂದ ಮೈಯ ನೀರು ಗಡ್ಡೆ ಕಟ್ಟುವುದಿಲ್ಲ. ನಮ್ಮ ಹುಳಕ್ಕೆ ಅಷ್ಟೆಲ್ಲ ಕಷ್ಟವೇ ಇಲ್ಲ ಎಂದು ಮೇಡಂ ಅವತ್ತು ವಿವರಿಸಿದರು. ನಮ್ಮ ಚಳಿ ಅದನ್ನು ಕೊಲ್ಲುವಷ್ಟು ಚಳಿಯಲ್ಲ. ಅದು ತಿನ್ನುವುದನ್ನು ಕಮ್ಮಿ ಮಾಡುತ್ತದೆ, ಬೆಳೆಯುವುದನ್ನು ನಿಧಾನ ಮಾಡುತ್ತದೆ, ಕಾಯುತ್ತದೆ. ಕಾಫಿ ಹಣ್ಣಿನೊಳಗೆ ಸೇರಿಕೊಳ್ಳುವ ಕಾಯಿಕೊರಕ ಎಂಬ ಇನ್ನೊಂದು ಹುಳದ ಕಥೆಯೂ ಹಾಗೇ. ಕೊಯ್ಲು ಮುಗಿದ ಮೇಲೆ ನೆಲದಲ್ಲಿ ಉಳಿದ ಒಣಗಿದ ಕಾಯಿಗಳನ್ನು ಆರಿಸಿ ಒಡೆದು ನೋಡಿದೆವು. ಸಾಸಿವೆಗಿಂತ ತುಸು ದೊಡ್ಡದಾದ ಕಪ್ಪು ದುಂಬಿಗಳು ಒಂದೇ ಬೀಜದೊಳಗೆ ಒಂದಕ್ಕೊಂದು ಒತ್ತಿಕೊಂಡು ಕೂತಿದ್ದವು. ಕೊಟ್ಟಿಗೆಯಲ್ಲಿ ಕುರಿಗಳು ಒತ್ತಿಕೊಂಡು ಮಲಗಿದಂತೆ ಕಂಡಿತು ನನಗೆ. ಹಾಗೆ ಅನ್ನಿಸಬಾರದಿತ್ತೇನೋ, ಅನ್ನಿಸಿತು.

ಸಂಜೆ ಮನೆಗೆ ಬಂದು ಇದನ್ನೆಲ್ಲ ಅವ್ವನಿಗೆ ಹೇಳುತ್ತಿದ್ದೆ. ಅವ್ವ ಅವರೆಕಾಯಿ ಸುಲಿಯುತ್ತ ಕೇಳಿಸಿಕೊಳ್ಳುತ್ತಿದ್ದಳು. ಅಪ್ಪ ಅಂಗಡಿಯಲ್ಲಿ ಟ್ಯೂಬನ್ನು ನೀರಿನ ತೊಟ್ಟಿಯಲ್ಲಿ ಮುಳುಗಿಸಿ ಗುಳ್ಳೆ ಎಲ್ಲಿ ಏಳುತ್ತದೆಂದು ನೋಡುತ್ತಿರುತ್ತಿದ್ದರು. ಕೇಳಿಸಿಕೊಳ್ಳುತ್ತಿಲ್ಲ ಎಂದೇ ನಾನು ತಿಳಿದಿದ್ದೆ.

ಸಂಕ್ರಾಂತಿಯ ಸಮಯದಲ್ಲಿ ಮೇಡಂ ತಮ್ಮ ಊರಿಗೆ ಹೊರಟರು. ಕತ್ತರಿಸಿದ ಕಾಂಡಗಳನ್ನು ಇಡುತ್ತಿದ್ದ ಬಲೆಯ ಕೋಣೆಗೆ ಆಗ ಹೊಸ ಮಾಡು ಹಾಕುತ್ತಿದ್ದರು. ಹಾಗಾಗಿ ಆ ಕಾಂಡಗಳ ತುಂಡುಗಳನ್ನು ಎಣ್ಣೆ ಡಬ್ಬಗಳಲ್ಲಿ ನಿಲ್ಲಿಸಿ, ಬಾಯಿಗೆ ಬಲೆ ಕಟ್ಟಿ, ನನ್ನ ಮನೆಯಲ್ಲಿ ಇಟ್ಟುಕೊಳ್ಳಲು ಕೊಟ್ಟರು. ಹೊರಗೆ ನೆರಳಿನಲ್ಲಿ ಇಡು, ತೋಟದಲ್ಲಿ ಎಷ್ಟು ಚಳಿ ತಾಗುತ್ತದೋ ಅಷ್ಟು ತಾಗಲಿ ಎಂದು ಹೇಳಿದ್ದರು. ಪರಿಚಯದ ಜೀಪಿನಲ್ಲಿ ಡಬ್ಬಗಳು ಬಂದಿಳಿದವು. ಅವ್ವ ಅಡಿಗೆಮನೆಯ ಕಡೆಗೆ ಮಾತ್ರ ತರಬೇಡ ಅಂದಳು. ಮನೆಯ ಹಿಂದಿನ ಚಪ್ಪರದಲ್ಲಿ ಸಾಲಾಗಿ ಇಟ್ಟೆ. ಅಪ್ಪ ಬಂದು, ಕೈ ಹಿಂದೆ ಕಟ್ಟಿಕೊಂಡು, ಒಂದೊಂದು ಡಬ್ಬವನ್ನೂ ನೋಡಿ ಹೋದರು. ಎಷ್ಟೋ ವರ್ಷಗಳ ಮೇಲೆ ಆ ಹುಳ ಅವರ ಮನೆಗೆ ಬಂದಿತ್ತು. ನಾನೇ ತಂದಿದ್ದೆ. ಒಂದು ವಾರದ ಮಾತು ಅಷ್ಟೇ ಅಪ್ಪ ಎಂದೆ. ಅವರು, "ಇರ್ಲಿ ಬುಡು," ಎಂದರು.

ಹಬ್ಬಕ್ಕೆ ನಾನೂ ಅವ್ವನೂ ಮಾರನಹಳ್ಳಿಗೆ, ಅವ್ವನ ತವರಿಗೆ ಹೋದೆವು. ಹಬ್ಬದ ದಿನಗಳಲ್ಲಿ ರಸ್ತೆಯಲ್ಲಿ ಗಾಡಿಗಳು ಹೆಚ್ಚು, ಅಂಗಡಿ ಮುಚ್ಚಲು ಆಗುವುದಿಲ್ಲ ಎಂದು ಅಪ್ಪ ಉಳಿದರು. ಡಬ್ಬ ಮುಟ್ಟಬೇಡಿ, ಮಳೆ ಬಂದರೆ ಮಾತ್ರ ಒಳಗೆ ಸರಿಸಿ ಎಂದು ಹೇಳಿ ಹೋಗಿದ್ದೆ. ಆ ಕಾಲದಲ್ಲಿ ಮಳೆ ಎಲ್ಲಿ ಬರುತ್ತದೆ.

ವಾರದ ಹತ್ತಿರ ಅಲ್ಲಿದ್ದು, ಒಂದು ಬೆಳಿಗ್ಗೆ ಬಸ್ಸಿನಲ್ಲಿ ವಾಪಸು ಬಂದೆವು. ಬಿಸಿಲು ಏರಿತ್ತು. ವ್ಯಾಪಾರದ ಹೊತ್ತು. ಆದರೆ ಅಂಗಡಿಯ ಶಟರ್ ಕೆಳಗೆ ಎಳೆದಿತ್ತು. ಮುಂದೆ ಒಂದು ಲಾರಿ, ಹಿಂದಿನ ಚಕ್ರ ಕೂತುಕೊಂಡು ನಿಂತಿತ್ತು. ಅಪ್ಪನಿಗೆ ಏನೋ ಆಗಿದೆ ಎಂದು ಅವ್ವನ ಮುಖ ಬಿಳಿಚಿತು. ಪಕ್ಕದ ಹೋಟೆಲಿನ ಮುಂದೆ ಕೂತಿದ್ದ ಲಾರಿ ಡ್ರೈವರ್ ನಮ್ಮನ್ನು ನೋಡಿ, ಅಂಗಡಿಯವರು ಒಳಗೆ ಏನನ್ನೋ ಹಿಡಿಯುತ್ತಿದ್ದಾರೆ, ಮುಗಿಯುವವರೆಗೆ ಯಾರೂ ಬರಬೇಡಿ ಅಂದಿದ್ದಾರೆ ಎಂದು ಹೇಳಿದ. ಹಾವು ಇರಬೇಕು ಎಂದು ಅವನ ಲೆಕ್ಕ.

ನಾನು ಶಟರ್ ತುಸು ಎತ್ತಿ, ಬಗ್ಗಿ ಒಳಗೆ ನುಸುಳಿದೆ. ಅಪ್ಪ ಮಂಡಿಯೂರಿ, ಕೈಯಲ್ಲಿ ಟಾರ್ಚು ಹಿಡಿದು, ಟೈರುಗಳ ಸಂದಿಯಲ್ಲಿ ನೋಡುತ್ತಿದ್ದರು. ಇನ್ನೊಂದು ಕೈಯಲ್ಲಿ ಅವರ ಊಟದ ಡಬ್ಬಿ.

"ಶಟರ್ ಎಳ್ಕೊ ಮಗಾ. ಒಂದೂ ಆಚೆ ಹೋಗ್ಬಾರ್ದು."

ಶಟರ್ ಪೂರ್ತಿ ಎಳೆದೆ. ಅದರ ಬುಡದ ಸಂದಿಗೆ ಅವರು ಮೊದಲೇ ಗೋಣಿಚೀಲ ತುರುಕಲು ಸಿದ್ಧ ಮಾಡಿಟ್ಟಿದ್ದರು. ದೀಪ ಹಾಕಿದ ಮೇಲೆ ಕಂಡಿತು. ಟ್ಯೂಬಿಗೆ ಪ್ಯಾಚ್ ಹಾಕಿ ಕಾಯಿಸುವ ಮಿಷನ್ನಿನ ಸುತ್ತ ನನ್ನ ಎಣ್ಣೆ ಡಬ್ಬಗಳು ಒತ್ತಾಗಿ ಕೂತಿದ್ದವು. ಮೇಲೆ ಹಳೆಯ ಗೋಣಿ ಹೊದಿಸಿತ್ತು. ಅವುಗಳಲ್ಲಿ ಎರಡು ಡಬ್ಬಗಳ ಬಲೆಯನ್ನು ಬಿಚ್ಚಿ, ಟ್ಯೂಬಿನ ರಬ್ಬರು ಪಟ್ಟಿಯಿಂದ ಮತ್ತೆ ಕಟ್ಟಲಾಗಿತ್ತು. ಒಂದು ಕಡೆ ಪಟ್ಟಿ ಸಡಿಲವಾಗಿತ್ತು. ಗೋಡೆಗೆ ನೇತುಹಾಕಿದ್ದ ಟ್ಯೂಬಿನ ಮೇಲೆ, ಸಣಕಲು ಮೈಯ, ಕಪ್ಪಿನ ಮೇಲೆ ಬಿಳಿ ಪಟ್ಟೆಗಳಿದ್ದ ಒಂದು ದುಂಬಿ ಮೀಸೆ ಆಡಿಸುತ್ತ ನಡೆಯುತ್ತಿತ್ತು. ಕಾಂಡಕೊರಕ ಬೆಳೆದ ಮೇಲೆ ಆಗುವ ರೂಪ ಅದು. ಜನವರಿಯ ಚಳಿಯಲ್ಲಿ ಅದು ಹೊರಗೆ ಬರಬಾರದಿತ್ತು.

ನಾನು ಕೇಳುವ ಮೊದಲೇ ಅಪ್ಪ ಹೇಳಿದರು.

"ನೀವು ಹೋದ ಮಾರ್ನೆ ಬೆಳಿಗ್ಗೆ ಒಂದು ತುಂಡು ಸೀಳಿ ನೋಡ್ದೆ. ಒಳಗಿದ್ದದ್ದು ಅಲ್ಲಾಡ್ಲೇ ಇಲ್ಲ. ಇನ್ನೊಂದು ಸೀಳ್ದೆ, ಅದೂ ಹಂಗೇ. ಚಳಿಗೆ ಎಲ್ಲಾ ಸತ್ತೋಗ್ಬುಟ್ಟವೆ ಅಂದ್ಕಂಡೆ. ಮೇಡಂ ಬಂದು ಕೇಳಿದ್ರೆ ನೀನು ಏನಂತ ಹೇಳ್ತೀಯ? ಸಿಕ್ಕಿದ್ ಕೆಲ್ಸ ಹೋಗ್ಬುಟ್ರೆ? ನಿನ್ನ ಅಂಗೈ ಬಿಸಿಗೆ ಒಂದು ಎದ್ಕಂತು ಅಂತ ನಿಮ್ಮವ್ವಂಗೆ ಹೇಳ್ತಿದ್ಯಲ್ಲ, ಅದ್ಕೇ ಒಳಗೆ ತಂದು ಬೆಚ್ಚಗಿಟ್ಟೆ."

ಮಿಷನ್ನಿಗೆ ಕೆಲಸವಿಲ್ಲದಾಗಲೂ ಅದನ್ನು ಆಗಾಗ ಹಾಕಿ ಬಿಸಿ ಆರದಂತೆ ನೋಡಿಕೊಂಡಿದ್ದರಂತೆ. ಸಂಜೆಯಾದರೆ ಡಬ್ಬಗಳ ಮೇಲೆ ಇನ್ನೊಂದು ಗೋಣಿ. ಅವತ್ತು ಬೆಳಿಗ್ಗೆ ಅಂಗಡಿ ತೆರೆದಾಗ ಬಲೆಯ ಮೇಲೆ ದುಂಬಿಗಳು ಕಂಡವು. ಮೊದಲು ಅವರಿಗೆ ಖುಷಿಯಾಯಿತು, ಬದುಕಿದವಲ್ಲ ಎಂದು. ಆಮೇಲೆ ಒಂದು ಹಾರಿ ಬೆಳಕಿನ ಕಡೆಗೆ ಹೊರಟಿತು. ಸುತ್ತಮುತ್ತ ಇರುವ ತೋಟಗಳು ಅಪ್ಪನಿಗೆ ನೆನಪಾದವು. ಅಷ್ಟರಲ್ಲಿ ಲಾರಿ ಬಂದಿತ್ತು. ಗಿರಾಕಿಯನ್ನು ಹೊರಗೆ ನಿಲ್ಲಿಸಿ ಶಟರ್ ಎಳೆದಿದ್ದರು. ನನಗೆ ತಿಳಿದಂತೆ ಅಪ್ಪ ಅದುವರೆಗೆ ಯಾವ ಗಾಡಿಯನ್ನೂ ಕಾಯಿಸಿದವರಲ್ಲ.

ನಾವಿಬ್ಬರೂ ಸೇರಿ ಹಿಡಿದೆವು. ದುಂಬಿಗಳು ಬಿಸಿಗೆ ಚುರುಕಾಗಿದ್ದವು. ಟೈರಿನ ಒಳಸುತ್ತಿಗೆ ಹೋದದ್ದನ್ನು ಅಪ್ಪ ಟೈರು ಉರುಳಿಸಿ ಈಚೆ ತರಿಸಿದರು. ಒಂದು ನನ್ನ ಮಂಕಿ ಟೋಪಿಯ ಮೇಲೇ ಕೂತಿತ್ತು. ಅಪ್ಪ ಅದನ್ನು ಎರಡು ಬೆರಳಲ್ಲಿ, ಮೀಸೆ ಮುರಿಯದ ಹಾಗೆ ಎತ್ತಿ ಡಬ್ಬಿಗೆ ಬಿಟ್ಟರು. ಲಾರಿ ಟೈರಿಗೆ ಸುತ್ತಿಗೆ ಬಾರಿಸುವ ಕೈ ಅದು. ನಾನು ಸ್ವಲ್ಪ ಹೊತ್ತು ಆ ಕೈಯನ್ನೇ ನೋಡುತ್ತ ನಿಂತೆ.

"ಇದನ್ನ ಕಂಡ್ರೆ ನಿಂಗೆ ಆಗಲ್ವಲ್ಲ ಅಪ್ಪ," ಎಂದೆ.

"ನಂಗೆ ಆಗಲ್ಲ," ಎಂದರು. ಆಮೇಲೆ, "ನಿಂಗೆ ಬೇಕಲ್ಲ," ಎಂದು ಮತ್ತೆ ಟೈರಿನ ಕಡೆ ಬಗ್ಗಿದರು.

ಅವ್ವ ಹಿತ್ತಿಲ ಬಾಗಿಲಿಂದ ಬಂದು ನಿಂತವಳು ಇದೆಲ್ಲ ಕೇಳಿಸಿಕೊಂಡು, ಹೋದ ವರ್ಷ ತನಗೆ ಚಳಿಜ್ವರ ಬಂದಾಗ ಕರೆಂಟ್ ಬಿಲ್ ಬರುತ್ತದೆಂದು ಒಂದು ಹೀಟರ್ ತರದವರು ಹುಳಕ್ಕೆ ದಿನವೆಲ್ಲ ಮಿಷನ್ ಹಾಕಿ ಕೂತಿದ್ದಾರೆ ಎಂದಳು. ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಗುತ್ತಿದ್ದಳು.

ಒಂದೂ ಉಳಿದಿಲ್ಲ ಎಂದು ಗೊತ್ತಾದ ಮೇಲೆ ಶಟರ್ ಎತ್ತಿದೆವು. ಲಾರಿಯವನಿಗೆ ಅಪ್ಪ ಪಂಚರ್ ಹಾಕಿ ದುಡ್ಡು ಬೇಡ ಎಂದರು. ಅವನು ಊಟದ ಡಬ್ಬಿಯೊಳಗೆ ಇಣುಕಿ, ಇದಕ್ಕೋಸ್ಕರವಾ ಎಂದು ತಲೆ ಅಲ್ಲಾಡಿಸಿ ಹೋದ.

ಆದರೆ ನನಗೆ ಒಳಗೆ ಭಯವಿತ್ತು. ತೋಟದ ಚಳಿಯಲ್ಲಿ ಇರಬೇಕಾದ ಕಾಂಡಗಳು ಮಿಷನ್ ಪಕ್ಕ ಇದ್ದವು. ಮೇಡಂ ಅವರ ಚಳಿಗಾಲದ ಕೆಲಸ ನನ್ನ ಮನೆಯಲ್ಲಿ ಹಾಳಾಗಿತ್ತು. ಫೋನು ಮಾಡಿ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಮೇಡಂ, ಉಳಿದ ತುಂಡುಗಳನ್ನು ಹಾಗೇ ಬಿಡಿ, ನಾನು ಬರುತ್ತೇನೆ ಎಂದರು. ಕೋಪವಿದೆಯೋ ಇಲ್ಲವೋ ತಿಳಿಯಲಿಲ್ಲ.

ಎರಡು ದಿನ ಬಿಟ್ಟು ಅವರು ನೇರವಾಗಿ ಅಂಗಡಿಗೇ ಬಂದರು. ಅಪ್ಪ ಒಗೆದ ಶರಟು ಹಾಕಿಕೊಂಡು ನಿಂತಿದ್ದರು. ತಪ್ಪು ಮಗಳದ್ದಲ್ಲ, ನನ್ನದು ಎಂದು ಮೊದಲೇ ಹೇಳಿಬಿಟ್ಟರು. ಮೇಡಂ ಮಿಷನ್ನಿನ ಪಕ್ಕ ಕೂತು, ಡಬ್ಬದೊಳಗೆ ತಮ್ಮ ಸೂಜಿ ಥರ್ಮಾಮೀಟರ್ ಇಟ್ಟು, ಒಂದೊಂದಾಗಿ ಕೇಳತೊಡಗಿದರು. ಯಾವ ಡಬ್ಬ ಮಿಷನ್ನಿಗೆ ಹತ್ತಿರವಿತ್ತು, ಯಾವುದು ದೂರ, ಮೊದಲು ಯಾವುದರಿಂದ ದುಂಬಿ ಬಂತು. ಅಪ್ಪ ಎಲ್ಲಕ್ಕೂ ಯೋಚಿಸಿ ಉತ್ತರ ಕೊಟ್ಟರು. ಹತ್ತಿರವಿದ್ದ ಡಬ್ಬಗಳಿಂದ ಬಂದಿದ್ದವು. ಬಾಗಿಲ ಕಡೆಗಿದ್ದ ಡಬ್ಬಗಳಿಂದ ಒಂದೂ ಬಂದಿರಲಿಲ್ಲ.

ಮೇಡಂ ಆ ದೂರದ ತುಂಡುಗಳಲ್ಲಿ ಒಂದನ್ನು ಸೀಳಿದರು. ಒಳಗೆ, ತೊಗಟೆಯಿಂದ ಒಂದು ಕೂದಲೆಳೆ ಹಿಂದೆ, ಪೂರ್ತಿ ಬೆಳೆದ ದುಂಬಿ ರೆಕ್ಕೆ ಮಡಚಿಕೊಂಡು ಕೂತಿತ್ತು. ಹೊರಗೆ ಬರಲು ಅದಕ್ಕೆ ತೊಗಟೆ ಕಚ್ಚುವುದೊಂದೇ ಬಾಕಿ.

"ನೋಡಿ, ಇವು ತಡವಾಗಿ ಬೆಳೆದವು," ಎಂದರು ಮೇಡಂ. "ಡಿಸೆಂಬರ್ ಒಳಗೆ ಹಾರಬೇಕಿತ್ತು. ಚಳಿ ಬಂದುಬಿಟ್ಟಿತು, ಒಳಗೇ ಕೂತವು. ನೀವು ಬೆಚ್ಚಗೆ ಮಾಡಿದ್ರಿ, ಬೇಸಿಗೆ ಬಂತು ಅಂದುಕೊಂಡವು. ಇದನ್ನ ನಾನೇ ಮಾಡಿ ನೋಡಬೇಕು ಅಂತಿದ್ದೆ. ನೀವು ಮೊದಲೇ ಮಾಡಿಬಿಟ್ಟಿದ್ದೀರಿ."

ಆದರೂ ಅವರು ಅದನ್ನು ತಮ್ಮ ಲೆಕ್ಕಕ್ಕೆ ಸೇರಿಸಲಿಲ್ಲ. ಹೀಗೆ ಅಂದಾಜಿನಲ್ಲಿ ಆದದ್ದು ಲೆಕ್ಕಕ್ಕೆ ಬರುವುದಿಲ್ಲ, ತೋಟದಿಂದ ಹೊಸ ಕಾಂಡ ತಂದು ಸರಿಯಾಗಿ ಮತ್ತೆ ಮಾಡಬೇಕು ಎಂದರು. ಅಂದರೆ ನನಗೆ ಇನ್ನಷ್ಟು ದಿನ ಕೆಲಸ. ಅಪ್ಪನ ಭುಜ ಸಡಿಲವಾದದ್ದನ್ನು ನಾನು ನೋಡಿದೆ.

ಅವ್ವ ಕಾಫಿ ತಂದಳು. ಮೇಡಂ ಹೊರಡುವ ಹೊತ್ತಿಗೆ, ಅಪ್ಪ ಅದುವರೆಗೆ ಯಾರ ಹತ್ತಿರವೂ ಕೇಳದೆ ಇಟ್ಟುಕೊಂಡಿದ್ದನ್ನು ಕೇಳಿದರು. ತಮ್ಮ ತೋಟದ ಕಥೆ ಹೇಳಿದರು. ಕಿತ್ತ ಗಿಡಗಳನ್ನೆಲ್ಲ ಸಿಟ್ಟಿನಲ್ಲಿ ಸುಟ್ಟೆ, ಕೆಲವು ಬದುಕುತ್ತಿದ್ದವೋ ಏನೋ, ಹೆಂಡತಿಗೆ ಸೌದೆಯಾದರೂ ಆಗುತ್ತಿತ್ತು ಎಂದರು. ಅಂಗಡಿಯ ಹೊರಗೆ ಬಸ್ಸೊಂದು ಹಾರ್ನ್ ಮಾಡುತ್ತ ಹೋಯಿತು. ಅದು ಹೋಗುವವರೆಗೆ ಮೇಡಂ ಕಾದರು.

"ಕಾಂಡ ಉಬ್ಬಿದ ಗಿಡ ಬದುಕೋದು ಕಷ್ಟ. ಕಿತ್ತದ್ದು ಸರಿ. ಸುಟ್ಟದ್ದು ಇನ್ನೂ ಸರಿ. ಒಲೆ ಪಕ್ಕ ಒಟ್ಟಿದ್ದರೆ, ಮೊನ್ನೆ ನಿಮ್ಮ ಅಂಗಡಿಯಲ್ಲಿ ಆಯ್ತಲ್ಲ, ಅದೇ ಆಗೋದು. ಪಕ್ಕದ ತೋಟಕ್ಕೆ ಹೋಗೋವು."

ಪಕ್ಕದ ತೋಟ ಎಂದರೆ ದೊಡ್ಡಪ್ಪನದು. ಅವರ ಅರೇಬಿಕಾ ಇವತ್ತಿಗೂ ಹೆಚ್ಚು ಕಮ್ಮಿ ಉಳಿದಿದೆ. ಅದಕ್ಕೆ ಅಪ್ಪ ಹಾಕಿದ ಬೆಂಕಿಯೇ ಕಾರಣ ಎಂದು ಖಚಿತವಾಗಿ ಯಾರೂ ಹೇಳಲಾರರು. ಬಿಸಿಲು ಬೀಳುವ ಗಿಡಕ್ಕೇ ಈ ಹುಳ ಹೆಚ್ಚು, ಅವರ ತೋಟದಲ್ಲಿ ನೆರಳೂ ಚೆನ್ನಾಗಿತ್ತು. ಆದರೆ ಅಪ್ಪ ಅವತ್ತು ಮೇಡಂ ಅವರನ್ನು ಬಸ್ಸು ಹತ್ತಿಸಿ ಬಂದು, ಅವ್ವನ ಹತ್ತಿರ, "ಸುಟ್ಟಿದ್ದು ಒಳ್ಳೇದೇ ಆಯ್ತಂತೆ ಕಣೆ," ಎಂದರು. ಅವ್ವ, "ನಾನೇನು ಬ್ಯಾಡ ಅಂದ್ನಾ," ಎಂದಳು. ಅವಳು ಬೇಡ ಅಂದಿದ್ದು ಮೂವರಿಗೂ ಗೊತ್ತಿತ್ತು.

ಅದಾದ ಮೇಲೆ ಅಪ್ಪ ಬದಲಾದರು ಎಂದರೆ ದೊಡ್ಡ ಮಾತಾಗುತ್ತದೆ. ಆದರೆ ಹುಳದ ಹೆಸರು ಅವರ ಬಾಯಿಗೆ ಬಂತು. ಜೀಪಿನವರು ಟೈರು ಬಿಚ್ಚಿಸಿಕೊಂಡು ನಿಂತಿದ್ದಾಗ, ಚಳಿಗೆ ಹುಳ ಸಾಯುತ್ತದೆಂದು ಯಾರಾದರೂ ಅಂದರೆ ಅಪ್ಪ ತಲೆ ಎತ್ತುತ್ತಿದ್ದರು. ಸಾಯುವುದಿಲ್ಲ, ಮಲಗಿರುತ್ತವೆ, ಈಗಲೇ ಹುಡುಕಿ ಕೀಳಿ, ಬೇಸಿಗೆಯ ಮಳೆ ಬೀಳುವ ಮೊದಲು ಸುಡಿ, ಸುಡಲು ಮನಸ್ಸಿಲ್ಲದಿದ್ದರೆ ಕೆರೆಯ ನೀರಿನಲ್ಲಿ ದಿನಗಟ್ಟಲೆ ಮುಳುಗಿಸಿ ಇಡಿ ಎನ್ನುತ್ತಿದ್ದರು. ಕೆಲವರು ಕೇಳುತ್ತಿದ್ದರು. ಕೆಲವರು ಪಂಚರ್ ಹಾಕುವವನಿಗೆ ಯಾಕೆ ಈ ಉಸಾಬರಿ ಎಂದು ಮುಖ ತಿರುಗಿಸುತ್ತಿದ್ದರು. ಅಪ್ಪನಿಗೆ ಅದರ ಪರಿವೆ ಇರಲಿಲ್ಲ.

ಮಾರ್ಚಿನಲ್ಲಿ ಮೊದಲ ಮಳೆ ಬಿದ್ದು ತೋಟಗಳು ಹೂ ಬಿಟ್ಟಾಗ, ಅಂಗಡಿಗೆ ರಜಾ ಹಾಕಿ ಅಪ್ಪ ನನ್ನ ಜೊತೆ ಆಲೂರಿನ ತೋಟಕ್ಕೆ ಬಂದರು. ನಾನು ಕರೆದಿರಲಿಲ್ಲ. ಬಸ್ ಸ್ಟ್ಯಾಂಡಿನಲ್ಲಿ ನೋಡಿದರೆ ಪಕ್ಕದಲ್ಲಿ ನಿಂತಿದ್ದರು. ಅರೇಬಿಕಾ ತೋಟದೊಳಗೆ ಅವರು ಕಾಲಿಟ್ಟು ಎಷ್ಟೋ ವರ್ಷವಾಗಿತ್ತು. ಬಿಳಿ ಹೂವಿನ ಸಾಲುಗಳ ನಡುವೆ ಸಿಕ್ಕ ಗಿಡಗಳ ಬುಡವನ್ನು ಅಂಗೈಯಿಂದ ಸವರಿಕೊಂಡು ಹೋದರು. ಯಜಮಾನರೂ ಅಪ್ಪನೂ ಜಗಲಿಯಲ್ಲಿ ಕೂತು ಮಧ್ಯಾಹ್ನದವರೆಗೆ ಮಾತಾಡಿದರು. ಟೈರು, ಮೆಣಸಿನ ಬಳ್ಳಿ, ಆನೆ ಕಾಟ, ಮೊಣಕಾಲು ನೋವು, ಎಲ್ಲವೂ ಬಂತು. ಹೊರಡುವಾಗ ಯಜಮಾನರು ನರ್ಸರಿಯಿಂದ ಒಂದಿಷ್ಟು ಅರೇಬಿಕಾ ಸಸಿ ತಂದು ಅಪ್ಪನ ಕೈಗೆ ಕೊಟ್ಟರು. ಅಪ್ಪ ಮೊದಲು ಬೇಡ ಎಂದರು. ಆಮೇಲೆ ಬಸ್ಸಿನಲ್ಲಿ ಅವನ್ನು ತೊಡೆಯ ಮೇಲೆ ಇಟ್ಟುಕೊಂಡು, ತಿರುವು ಬಂದಾಗಲೆಲ್ಲ ಎರಡೂ ಕೈಯಿಂದ ಹಿಡಿದುಕೊಂಡು ಬಂದರು.

ಆ ಸಸಿಗಳನ್ನು ಮಳೆ ಹಿಡಿದ ಮೇಲೆ ಮನೆಯ ಹಿಂದಿನ ಹಲಸಿನ ನೆರಳಿನಲ್ಲಿ ನೆಟ್ಟರು. ನಾನು ಆಮೇಲೆ ಮುಂದಕ್ಕೆ ಓದಿದೆ. ಈಗ ಸಕಲೇಶಪುರದ ಹತ್ತಿರ ಒಂದು ನರ್ಸರಿಯಲ್ಲಿ ಕೆಲಸ ಮಾಡುತ್ತೇನೆ, ವಾರಕ್ಕೊಮ್ಮೆ ಮನೆಗೆ ಬರುತ್ತೇನೆ. ಹೋದ ಚಳಿಗಾಲದಲ್ಲಿ ಒಮ್ಮೆ ಬಂದಾಗ ಅಪ್ಪ ನನ್ನನ್ನು ಹಿತ್ತಿಲಿಗೆ ಕರೆದುಕೊಂಡು ಹೋಗಿ, ಒಂದು ಗಿಡದ ಬುಡಕ್ಕೆ ನನ್ನ ಕೈ ಹಿಡಿದು ಇಟ್ಟರು. ತೊಗಟೆ ಉಬ್ಬಿತ್ತು. ನಾನು ಅವರ ಮುಖ ನೋಡಿದೆ. ಅಲ್ಲಿ ನಾನು ಹೆದರಿದ್ದೇನೂ ಇರಲಿಲ್ಲ. ಲಾರಿಯವರಿಗೆ ಟ್ಯೂಬಿನಲ್ಲಿ ಮೊಳೆ ಚುಚ್ಚಿದ ಜಾಗ ತೋರಿಸುವ ಹಾಗೆ ತೋರಿಸುತ್ತಿದ್ದರು.

"ಇದೊಂದಕ್ಕೇ ಬಿದ್ದಿರೋದು," ಎಂದರು. "ಮಿಕ್ಕಿದ್ದವು ಚೆನ್ನಾಗವೆ."

ಅವತ್ತೇ ಅದನ್ನು ಕಿತ್ತರು. ಮಿಕ್ಕ ಗಿಡಗಳ ಹಣ್ಣನ್ನು ಅವ್ವ ಸೀರೆಯ ಸೆರಗಿನಲ್ಲಿ ಕಟ್ಟಿಕೊಂಡು ತಂದು ಅಂಗಳದಲ್ಲಿ ಒಣಗಿಸಿದಳು. ಹುರಿದು ಪುಡಿ ಮಾಡಿದರೆ ಒಂದು ಸಣ್ಣ ಡಬ್ಬಿ ತುಂಬಲಿಲ್ಲ. ಅದರಲ್ಲಿ ಮಾಡಿದ ಮೊದಲ ಕಾಫಿಯನ್ನು ಅಪ್ಪ ಅಂಗಡಿಯ ಸ್ಟೂಲಿನ ಮೇಲೆ ಕೂತು ಕುಡಿದರು. ಹೇಗಿದೆ ಎಂದು ಕೇಳಿದೆ. ಸ್ವಲ್ಪ ಹೆಚ್ಚು ಹುರಿದುಬಿಟ್ಟಿದ್ದಾಳೆ ನಿಮ್ಮವ್ವ ಎಂದು ಮೆಲ್ಲಗೆ ಹೇಳಿ, ಇನ್ನೊಂದು ಲೋಟ ಕೇಳಿದರು.